ಉದುರಲೊಲ್ಲದ ಎಲೆ

ತುಮಕೂರು ಜಿಲ್ಲೆಯ ಉತ್ತರದ ತುದಿಯಲ್ಲಿ, ಮೂರು ಕಡೆಯೂ ಆಂಧ್ರದ ಸೀಮೆಯು ಸುತ್ತುವರಿದಿರುವ ಪಾವಗಡದ ತಾಲ್ಲೂಕಿನಲ್ಲಿ, ಉತ್ತರ ಪಿನಾಕಿನಿಯ ದಡದ ಮೇಲೆ ನಾಗಲಮಡಿಕೆಯೆಂಬ ಗ್ರಾಮವಿರುವುದು. ಕುಕ್ಕೆಯ ಸುಬ್ರಹ್ಮಣ್ಯನನ್ನು ಆದಿಯೆಂದೂ, ಘಾಟಿಯ ಸುಬ್ರಹ್ಮಣ್ಯನನ್ನು ಮಧ್ಯನೆಂದೂ, ಇಲ್ಲಿಯ ಸ್ವಾಮಿಯನ್ನು ಅಂತ್ಯಸುಬ್ರಹ್ಮಣ್ಯನೆಂದೂ ಭಕ್ತರು ಹೇಳುವ ವಾಡಿಕೆ. ಹೋದ ಫಾಲ್ಗುಣದಲ್ಲಿ ನಾವು ಕಾರ್ಯಾಂತರದಿಂದ ಆ ಕಡೆಗೆ ಹೋಗಿದ್ದಾಗ ದೇವರ ದರ್ಶನವನ್ನು ಮುಗಿಸಿಕೊಂಡು ಊರ ಅರಳಿಯ ಕಟ್ಟೆಯ ಮೇಲೆ ಸ್ವಲ್ಪ ಹೊತ್ತು ಕುಳಿತಿದ್ದೆವು. ಹೊಳೆಯಲ್ಲಿ ನೀರಿಗಿಂತ ಮರಳೇ ಹೆಚ್ಚಾಗಿತ್ತು. ಗಾಳಿಯು ಸ್ವಲ್ಪವೂ ಇರಲಿಲ್ಲ. ಆದರೂ ತಲೆಯ ಮೇಲಿನಿಂದ ಹಣ್ಣೆಲೆಗಳು ಒಂದೊಂದಾಗಿ ಕಳಚಿ ಬೀಳುತ್ತಲೇ ಇದ್ದುವು.

ನಮ್ಮೊಡನೆ ಕುಳಿತಿದ್ದ ಗೃಹಸ್ಥರು ಕಡಲೆಕಾಯಿಯ ಬೆಳೆಗಾರರು. ನಮಗೆ ಬಹುಕಾಲದ ಪರಿಚಿತರು. ಅವರ ಅಣ್ಣನವರಿಗೆ ಕೆಲವು ವರ್ಷಗಳ ಹಿಂದೆ ರಕ್ತದ ಕ್ಯಾನ್ಸರೆಂದು ಗೊತ್ತಾಗಿ ಬೆಂಗಳೂರಿನಲ್ಲಿ ಚಿಕಿತ್ಸೆ ನಡೆಯುತ್ತಿತ್ತು. ಬಿಳಿಯ ರಕ್ತಕಣಗಳಲ್ಲಿ ಒಂದು ಜಾತಿಯವು ಸಾಯದೆ ಮೈಯಲ್ಲೆಲ್ಲ ತುಂಬಿಕೊಳ್ಳುವ, ನಿಧಾನವಾಗಿ ಬೆಳೆಯುವ ರೋಗ ಅದು. ವೈದ್ಯರು ಹೊಸ ತೆರನಾದ ಮಾತ್ರೆಗಳನ್ನು ಕೊಟ್ಟ ಮೇಲೆ ಕುತ್ತಿಗೆಯ ಗಂಟುಗಳು ಕರಗಿಹೋಗಿ, ಅವರು ಎರಡು ವರ್ಷಕ್ಕೂ ಮೇಲ್ಪಟ್ಟು ಹೊಲದ ಕೆಲಸವನ್ನೂ ನೋಡಿಕೊಂಡಿದ್ದರು. ಈಗ ಗಂಟುಗಳು ಪುನಃ ತಲೆದೋರಿದ್ದುವು. ತಮ್ಮನವರು ಇದನ್ನೆಲ್ಲ ಹೇಳಿ, ಬಿದ್ದ ಎಲೆಯೊಂದನ್ನು ಎತ್ತಿಕೊಂಡು ಅದರ ತೊಟ್ಟನ್ನು ತಿರುಗಿಸುತ್ತ ಹೀಗೆಂದು ಕೇಳಿದರು:

"ಹುಳಕ್ಕೆ ಔಷಧಿ ಹೊಡೀತೀವಿ, ಮೊದಲನೆ ವರ್ಷ ಸಾಯ್ತವೆ, ಮೂರನೆ ವರ್ಷ ಅದೇ ಔಷಧಿಗೆ ಜಗ್ಗೋದೇ ಇಲ್ಲ. ಅಣ್ಣನ ಕಾಯಿಲೆಗೂ ಹಂಗೇ ಔಷಧಿ ಒಗ್ಗಿಹೋಯ್ತೇ? ಇಲ್ಲ, ಪಥ್ಯದಲ್ಲೋ ಹೊತ್ತಿನಲ್ಲೋ ನಾವೇ ಎಲ್ಲಾದರೂ ತಪ್ಪಿದೆವೇ ಸ್ವಾಮಿ?"

ಎರಡನೆಯ ಪ್ರಶ್ನೆಯನ್ನು ಕೇಳುವಾಗ ಅವರ ಧ್ವನಿಯು ತಗ್ಗಿತು. ಇಂತಹ ರೋಗವಿರುವ ಮನೆಗಳಲ್ಲೆಲ್ಲ ಈ ಪ್ರಶ್ನೆಯು ಯಾರ ಬಾಯಿಂದಲೂ ಹೊರಡದೆ ಒಳಗೊಳಗೇ ಕುದಿಯುತ್ತಿರುವುದನ್ನು ನಾವು ಕಂಡಿದ್ದೇವೆ. ಅಂದು ಕಟ್ಟೆಯ ಮೇಲೆ ನಾವು ಕೊಟ್ಟ ಉತ್ತರವನ್ನೇ, ಅಲ್ಲಿ ಬಿಟ್ಟುಹೋದ ವಿವರಗಳನ್ನೂ ಸೇರಿಸಿ, ವಾಚಕರ ಮುಂದೆ ಇಡುತ್ತಿದ್ದೇವೆ.

ಅವರ ಕೈಯಲ್ಲಿದ್ದ ಎಲೆಯಿಂದಲೇ ಪ್ರಾರಂಭಿಸಬಹುದು. ಎಲೆಯು ಒಣಗಿದ್ದರಿಂದ ಬೀಳುವುದೆಂದು ಸಾಮಾನ್ಯವಾಗಿ ನಾವೆಲ್ಲರೂ ತಿಳಿದಿರುವೆವು. ಇದು ಸರಿಯಲ್ಲ. ಮದುವೆಯ ಚಪ್ಪರಕ್ಕೆ ಹೊದಿಸಿದ ಮಾವಿನ ಸೊಪ್ಪನ್ನು ಹದಿನೈದು ದಿನ ಬಿಟ್ಟು ನೋಡಿರಿ. ಎಲೆಗಳು ಒಣಗಿ, ಮುದುರಿ, ಮುಟ್ಟಿದರೆ ಪುಡಿಯಾಗುವ ಸ್ಥಿತಿಗೆ ಬಂದಿದ್ದರೂ ಬಹುಪಾಲು ರೆಂಬೆಗೆ ಅಂಟಿಕೊಂಡೇ ಇರುವುವು. ಜೀವಂತವಾದ ಮರದ ಮೇಲಾದರೋ ಎಲೆಯು ಇನ್ನೂ ಹಸಿಯಾಗಿರುವಾಗಲೇ ಕಳಚಿ ಬೀಳುವುದು. ಕಾರಣವೇನೆಂದರೆ, ಮರವು ತಾನೇ ತೊಟ್ಟಿನ ಬುಡದಲ್ಲಿ ತೆಳುವಾದ ಒಂದು ಪದರವನ್ನು ಸಡಿಲಗೊಳಿಸಿ, ಎಲೆಯಲ್ಲಿದ್ದ ಸಾರವನ್ನು ಆದಷ್ಟು ಹಿಂದಕ್ಕೆ ಎಳೆದುಕೊಂಡು, ಗಾಯವಾಗದಂತೆ ಬಾಯನ್ನು ಮುಚ್ಚಿ, ಅನಂತರ ಎಲೆಯನ್ನು ಬಿಟ್ಟುಕೊಡುವುದು. ಕಡಿದ ರೆಂಬೆಗೆ ಈ ಕೆಲಸವನ್ನು ಮಾಡುವ ಜೀವವೇ ಇಲ್ಲ. ಎಲೆಯು ಉದುರುವುದು ಬದುಕಿರುವ ಮರದ ಕೆಲಸ.

ನಮ್ಮ ದೇಹವೂ ಹೀಗೆಯೇ ದಿನದಿನವೂ ಉದುರುತ್ತಿರುವುದು. ಪ್ರತಿದಿನವೂ ಸಾವಿರಾರು ಕೋಟಿ ಜೀವಕೋಶಗಳು ತಮ್ಮ ಕೆಲಸವನ್ನು ಮುಗಿಸಿ ತಾವಾಗಿಯೇ ಇಲ್ಲವಾಗುವುವು. ಈ ಮರಣವನ್ನು ಗಾಯದಿಂದ ಆಗುವ ಮರಣದಿಂದ ಬೇರ್ಪಡಿಸಿ ತೋರಿಸಿದವರು ಜಾನ್ ಕೆರ್, ಆಂಡ್ರೂ ವೈಲಿ ಮತ್ತು ಅಲಸ್ಟೇರ್ ಕರಿ ಎಂಬ ಮೂವರು. 1972ರಲ್ಲಿ ಅವರು ತಮ್ಮ ಲೇಖನವನ್ನು ಪ್ರಕಟಿಸುವಾಗ ಈ ಮರಣಕ್ಕೆ ಒಂದು ಹೆಸರು ಬೇಕಾಯಿತು. ಸ್ಕಾಟ್ಲೆಂಡಿನ ಅಬರ್ಡೀನ್ ವಿಶ್ವವಿದ್ಯಾನಿಲಯದ ಗ್ರೀಕ್ ಪಂಡಿತರಾದ ಜೇಮ್ಸ್ ಕಾರ್ಮಾಕರು 'ಅಪೊಪ್ಟೋಸಿಸ್' ಎಂಬ ಪ್ರಾಚೀನ ಶಬ್ದವನ್ನು ಸೂಚಿಸಿದರು. ಮರದಿಂದ ಎಲೆಯೂ ಹೂವಿನಿಂದ ದಳವೂ ಉದುರುವುದು ಎಂದು ಅದರ ಅರ್ಥ. ನಾವು ಈ ಲೇಖನದಲ್ಲಿ ಅದನ್ನು ನಿಯತಮರಣವೆಂದು ಕರೆಯುವೆವು.

ಬೆಂಕಿಯಿಂದಲೋ ವಿಷದಿಂದಲೋ ಸಾಯುವ ಜೀವಕೋಶವು ಊದಿಕೊಂಡು ಒಡೆಯುವುದು. ಒಳಗಿನ ದ್ರವವೆಲ್ಲ ಹೊರಕ್ಕೆ ಚೆಲ್ಲಿ ಸುತ್ತಲೂ ಕೆಂಪೇರಿ ಬಾವು ಬರುವುದು. ನಿಯತಮರಣದಲ್ಲಿ ಈ ಗದ್ದಲವೊಂದೂ ಇಲ್ಲ. ಕೋಶವು ಕುಗ್ಗುವುದು, ನಡುವಿನ ಬೀಜವು ಗಟ್ಟಿಯಾಗಿ ತುಂಡಾಗುವುದು, ಮೇಲ್ಮೈಯಲ್ಲಿ ಗುಳ್ಳೆಗಳೆದ್ದು, ಇಡೀ ಕೋಶವೇ ಸಣ್ಣ ಸಣ್ಣ ಪೊಟ್ಟಣಗಳಾಗಿ ಬೇರ್ಪಡುವುದು. ನೆರೆಯ ಕೋಶಗಳು ಆ ಪೊಟ್ಟಣಗಳನ್ನು ನುಂಗಿ ಅರಗಿಸಿಕೊಳ್ಳುವುವು. ಗರ್ಭದಲ್ಲಿರುವ ಶಿಶುವಿನ ಕೈಯು ಮೊದಲು ಹುಟ್ಟಿನ ಆಕಾರದಲ್ಲಿದ್ದು, ಬೆರಳುಗಳ ನಡುವಿನ ಕೋಶಗಳು ಹೀಗೆ ಮರೆಯಾದ ಮೇಲೆಯೇ ಐದು ಬೆರಳುಗಳು ಬಿಡಿಸಿಕೊಳ್ಳುವುವು. ತಾಯಿಗೂ ತಿಳಿಯುವುದಿಲ್ಲ, ಶಿಶುವಿಗೂ ನೋವಿಲ್ಲ.

ಇದು ಎಷ್ಟು ಕಟ್ಟುನಿಟ್ಟಾದ ವ್ಯವಸ್ಥೆಯೆಂಬುದನ್ನು ಮಣ್ಣಿನಲ್ಲಿರುವ, ಒಂದು ಮಿಲಿಮೀಟರ್ ಉದ್ದದ ಒಂದು ಹುಳುವು ತೋರಿಸಿಕೊಟ್ಟಿತು. ಅದು ಬೆಳೆಯುವಾಗ ಮೈಯಲ್ಲಿ 1,090 ಕೋಶಗಳು ಹುಟ್ಟುವುವು. ಅವುಗಳಲ್ಲಿ 131 ಕೋಶಗಳು ಸಾಯುವುವು. ಯಾವ ಹುಳುವನ್ನು ತೆಗೆದುಕೊಂಡರೂ ಅದೇ 131, ಅದೇ ಸ್ಥಾನ, ಅದೇ ಸಮಯ. ಈ ಮರಣಕ್ಕೆ ಅಪ್ಪಣೆ ಕೊಡುವ ವಂಶವಾಹಿಗಳನ್ನು ಕಂಡುಹಿಡಿದ ಸಾಹಸಕ್ಕಾಗಿ ಬ್ರೆನರ್, ಹಾರ್ವಿಟ್ಸ್, ಸಲ್ಸ್ಟನ್ ಎಂಬ ಮೂವರಿಗೆ 2002ರಲ್ಲಿ ನೊಬೆಲ್ ಪಾರಿತೋಷಕವು ಸಂದಿತು.

ಇನ್ನು ಕ್ಯಾನ್ಸರಿನ ಮಾತಿಗೆ ಬರೋಣ. ಮಿತಿಯಿಲ್ಲದ ಬೆಳವಣಿಗೆಯೇ ಕ್ಯಾನ್ಸರೆಂದು ಬಹುಕಾಲ ಎಲ್ಲರೂ ತಿಳಿದಿದ್ದರು. ವೈದ್ಯರೂ ಹಾಗೆಯೇ ತಿಳಿದಿದ್ದರು. ದುಗ್ಧಗ್ರಂಥಿಗಳಲ್ಲಿ ಹುಟ್ಟುವ ಒಂದು ಬಗೆಯ ಕ್ಯಾನ್ಸರಿನಲ್ಲಿ 18ನೆಯ ವರ್ಣತಂತುವಿನ ಒಂದು ತುಂಡು ಕಳಚಿಕೊಂಡು ಹೋಗಿ 14ನೆಯದಕ್ಕೆ ಅಂಟಿಕೊಂಡಿರುವುದು ಸೂಕ್ಷ್ಮದರ್ಶಕದಲ್ಲಿಯೇ ಕಾಣುತ್ತಿತ್ತು. ಅಂಟಿಕೊಂಡ ಜಾಗದಲ್ಲಿರುವ ವಂಶವಾಹಿ ಯಾವುದೆಂದು ಅಮೆರಿಕದ ಫಿಲಡೆಲ್ಫಿಯದಲ್ಲಿ ತ್ಸುಜಿಮೊಟೊ, ಕ್ರೋಚೆ ಎಂಬುವರು 1984 ಮತ್ತು 1985ರಲ್ಲಿ ಗುರುತಿಸಿದರು. ಅದರ ಹೆಸರು ಬಿ.ಸಿ.ಎಲ್.-2. ರೋಗನಿರೋಧಕ ಪ್ರೋಟೀನುಗಳನ್ನು ತಯಾರಿಸುವ ವಂಶವಾಹಿಯ ಪಕ್ಕಕ್ಕೆ ಇದು ಬಂದು ಕುಳಿತಿರುವುದರಿಂದ, ಆ ನೆರೆಯವನಿಗೆ ಬರುವ ಅಪ್ಪಣೆಗಳೆಲ್ಲ ಇದಕ್ಕೂ ತಗಲಿ, ಇದು ಬಿಡುವಿಲ್ಲದೆ ಕೆಲಸ ಮಾಡುತ್ತಿತ್ತು.

ಇದು ಕೋಶಗಳನ್ನು ವೃದ್ಧಿಗೊಳಿಸುವ ಮತ್ತೊಂದು ವಂಶವಾಹಿಯಾಗಿರಬೇಕೆಂದೇ ಅನೇಕರು ಊಹಿಸಿದ್ದರು. ಆಸ್ಟ್ರೇಲಿಯದ ಮೆಲ್ಬರ್ನಿನಲ್ಲಿ ಡೇವಿಡ್ ವಾ ಎಂಬ ತರುಣ ವೈದ್ಯರು ಸೂಸಾನ್ ಕೋರಿ, ಜೆರಿ ಆಡಮ್ಸ್ ಅವರೊಡನೆ ಸೇರಿ ಒಂದು ಸರಳವಾದ ಪರೀಕ್ಷೆಯನ್ನು ಮಾಡಿದರು. ರಕ್ತದ ಕೋಶಗಳನ್ನು ಸಾಕುವಾಗ ಅವುಗಳಿಗೆ ಒಂದು ಪೋಷಕದ್ರವ್ಯವು ಬೇಕು; ಅದನ್ನು ಕೊಡದಿದ್ದರೆ ಅವು ಕೆಲವೇ ದಿನಗಳಲ್ಲಿ ಸಾಯುವುವು. ಬಿ.ಸಿ.ಎಲ್.-2 ವಂಶವಾಹಿಯನ್ನು ಒಳಹೊಗಿಸಿದ ಕೋಶಗಳಿಗೆ ಆ ದ್ರವ್ಯವನ್ನು ನಿಲ್ಲಿಸಿದಾಗ ಅವು ವೃದ್ಧಿಯಾಗಲಿಲ್ಲ. ಆದರೆ ಸಾಯಲೂ ಇಲ್ಲ. ಸುಮ್ಮನೆ ಇದ್ದುವು. 1988ರಲ್ಲಿ ಪ್ರಕಟವಾದ ಈ ಫಲವು ಆಲೋಚನೆಯ ದಿಕ್ಕನ್ನೇ ತಿರುಗಿಸಿತು. ಹೆಚ್ಚಾಗಿ ಹುಟ್ಟುವುದು ಒಂದು ಕೇಡು. ಹೋಗಬೇಕಾದಾಗ ಹೋಗದಿರುವುದು ಅದಕ್ಕಿಂತ ಬೇರೆಯಾದ ಇನ್ನೊಂದು ಕೇಡು. ಕ್ಯಾನ್ಸರಿನ ಕೋಶವೆಂದರೆ ಹಣ್ಣಾದ ಮೇಲೂ ಉದುರಲೊಲ್ಲದ ಎಲೆ. ಅದು ಕೊಂಬೆಯ ಮೇಲೆ ಉಳಿದಷ್ಟು ದಿನವೂ ಅದಕ್ಕೆ ಇನ್ನಷ್ಟು ದೋಷಗಳು ಕೂಡಿಕೊಳ್ಳುವುದಕ್ಕೆ ಅವಕಾಶವಾಗುವುದು.

ಬಿ.ಸಿ.ಎಲ್.-2 ಮರಣವನ್ನು ತಡೆಯುವುದು ಹೇಗೆ? ಹೆಚ್ಚು ಕಡಮೆ ಎಲ್ಲ ಕೋಶಗಳಲ್ಲಿಯೂ ಶಕ್ತಿಯನ್ನು ಒದಗಿಸುವ ಮೈಟೊಕಾಂಡ್ರಿಯಗಳೆಂಬ ಸಣ್ಣ ಒಲೆಗಳುಂಟು. ಅವುಗಳ ಒಳಗೆ ಸೈಟೊಕ್ರೋಮ್-ಸಿ ಎಂಬ ಪ್ರೋಟೀನು ಶಕ್ತಿಯ ಉತ್ಪಾದನೆಯಲ್ಲಿ ನೆರವಾಗುತ್ತಿರುವುದು. ಒಳಗಿರುವವರೆಗೆ ಅದು ಜೀವಕ್ಕೆ ಆಧಾರ; ಹೊರಕ್ಕೆ ಸೋರಿತೆಂದರೆ ಅದೇ ಮರಣದ ಕರೆ. ಇದು 1996ರಲ್ಲಿ ಷಿಯಾವೊಡಾಂಗ್ ವಾಂಗ್ ಅವರ ಪ್ರಯೋಗಶಾಲೆಯಲ್ಲಿ ಹೊರಪಟ್ಟ ಸಂಗತಿ. ಆಗ ಅದನ್ನು ನಂಬುವುದಕ್ಕೆ ಅನೇಕರು ಹಿಂಜರಿದರು. ಸೋರಿಕೆಯಾದ ಕೂಡಲೆ ಕ್ಯಾಸ್ಪೇಸುಗಳೆಂಬ ಕತ್ತರಿಗಳು ಎಚ್ಚತ್ತು ಕೋಶವನ್ನು ಒಳಗಿನಿಂದ ತುಂಡರಿಸುವುವು.

ಒಲೆಯ ಗೋಡೆಗೆ ತೂತು ಮಾಡುವ ಕೆಲಸವು ಬ್ಯಾಕ್ಸ್, ಬ್ಯಾಕ್ ಎಂಬ ಇಬ್ಬರು ಆಳುಗಳದು. ಬಿ.ಸಿ.ಎಲ್.-2 ಕಾವಲುಗಾರನಂತೆ ಆ ಆಳುಗಳ ಕೈಯನ್ನು ಹಿಡಿದುಕೊಂಡಿರುವುದು. ಕೋಶಕ್ಕೆ ಕಾಲ ಸಮೀಪಿಸಿದಾಗ ಬೇರೆ ಕೆಲವು ದೂತರು ಬಂದು ಕಾವಲುಗಾರನ ಅಂಗೈಯಲ್ಲಿರುವ ಒಂದು ತಗ್ಗಿನಲ್ಲಿ ಕುಳಿತುಕೊಳ್ಳುವರು. ಅವನ ಕೈಯು ಅವರಿಂದಲೇ ತುಂಬಿಹೋಗುವುದರಿಂದ ಆಳುಗಳನ್ನು ಬಿಡಬೇಕಾಗುವುದು. ಗೋಡೆಗೆ ತೂತು ಬೀಳುವುದು. ಕಾವಲುಗಾರರ ಸಂಖ್ಯೆಯು ಮಿತಿಮೀರಿದ ಕೋಶದಲ್ಲಿ ದೂತರು ಎಷ್ಟು ಬಂದರೂ ಸಾಲುವುದಿಲ್ಲ. ನಮ್ಮ ಗೃಹಸ್ಥರ ಅಣ್ಣನವರಿಗಿದ್ದ ರೋಗದಲ್ಲಿ ಬಿ.ಸಿ.ಎಲ್.-2 ಹೇರಳವಾಗಿರುವುದು ಸಾಮಾನ್ಯ.

ದೂತರನ್ನು ಕಳುಹಿಸುವವರಲ್ಲಿ ಮುಖ್ಯವಾದುದು ಪಿ-53 ಎಂಬ ಪ್ರೋಟೀನು. ನಾಗಲಮಡಿಕೆಯ ಹೋಬಳಿಯಲ್ಲಿ ತಿರುಮಣಿಯ ಸುತ್ತಮುತ್ತ 13,000 ಎಕರೆ ನೆಲದಲ್ಲಿ ಹರಡಿಕೊಂಡು 2,050 ಮೆಗಾವಾಟ್ ವಿದ್ಯುತ್ತನ್ನು ಉತ್ಪತ್ತಿಮಾಡಬಲ್ಲ ಸೌರಶಕ್ತಿಯ ಸ್ಥಾವರವನ್ನು ವಾಚಕರು ಕೇಳಿರಬಹುದು. ಅಂತಹ ಬಿಸಿಲಿನಲ್ಲಿ ಕಳೆ ಕೀಳುವವರ ಚರ್ಮದ ಕೋಶಗಳಲ್ಲಿ ಡಿ.ಎನ್.ಎ. ಎಂಬ ವಂಶಸೂತ್ರವು ಅಲ್ಲಲ್ಲಿ ಕೆಡುತ್ತಲೇ ಇರುವುದು. ಆಗ ರಿಪೇರಿ ಮಾಡಿಕೊಳ್ಳಬೇಕೇ, ಉದುರಿಹೋಗಬೇಕೇ ಎಂಬುದನ್ನು ತೀರ್ಮಾನಿಸುವುದು ಪಿ-53. ಮನುಷ್ಯರ ಕ್ಯಾನ್ಸರುಗಳಲ್ಲಿ ಹೆಚ್ಚು ಕಡಮೆ ಅರ್ಧದಷ್ಟರಲ್ಲಿ ಈ ಪಿ-53 ಕೆಟ್ಟಿರುವುದು.

ನಮ್ಮ ನಾಡಿನ ಕಾಡುಗಳ ದೊರೆಯಾದ ಆನೆಯು ಈ ವಿಷಯದಲ್ಲಿ ನಮಗಿಂತ ಭಾಗ್ಯಶಾಲಿ. ಭಾರತದಲ್ಲಿ ಎಲ್ಲಕ್ಕಿಂತ ಹೆಚ್ಚು ಆನೆಗಳಿರುವುದು ಕರ್ಣಾಟಕದಲ್ಲಿಯೇ. ಮೈಯು ದೊಡ್ಡದಾದಷ್ಟೂ ಕೋಶಗಳು ಹೆಚ್ಚು; ಕೋಶಗಳು ಹೆಚ್ಚಾದಷ್ಟೂ ಕ್ಯಾನ್ಸರು ಹೆಚ್ಚಾಗಬೇಕಷ್ಟೆ. ಆದರೆ ಆನೆಗಳಲ್ಲಿ ಅದರಿಂದ ಸಾಯುವುವು ನೂರಕ್ಕೆ ಐದಕ್ಕೂ ಕಡಮೆಯೆಂದು 2015ರಲ್ಲಿ ಲೆಕ್ಕ ಹಾಕಿದರು. ಪಿ-53ರ ವಂಶವಾಹಿಯು ನಮಗೆ ಒಂದಿದ್ದರೆ ಆನೆಗೆ ಇಪ್ಪತ್ತು ಪ್ರತಿಗಳಿರುವುವು. ಡಿ.ಎನ್.ಎ. ಸ್ವಲ್ಪ ಕೆಟ್ಟರೂ ಆನೆಯ ಕೋಶವು ಹಟ ಮಾಡದೆ ಉದುರಿಬಿಡುವುದು.

ಇಲ್ಲಿ ಸಾಮಾನ್ಯರಿಗೆ ತಿಳಿಯದ ಒಂದು ಮಾತನ್ನು ಹೇಳಬೇಕಾಗಿರುವುದು. ಕೂದಲು ಉದುರಿಸುವ ಹಳೆಯ ಕ್ಯಾನ್ಸರ್ ಔಷಧಗಳೂ ಕಿರಣಚಿಕಿತ್ಸೆಯೂ ಕೋಶವನ್ನು ಸುಟ್ಟು ಕೊಲ್ಲುವುವೆಂದು ಜನರ ಭಾವನೆ. ವಾಸ್ತವದಲ್ಲಿ ಅವುಗಳಲ್ಲಿ ಹೆಚ್ಚಿನವು ಮಾಡುವುದು ಡಿ.ಎನ್.ಎ.ಗೆ ಪೆಟ್ಟು ಹಾಕುವುದನ್ನು ಮಾತ್ರ. ಸಾಯುವ ಕೆಲಸವನ್ನು ಬಹುಮಟ್ಟಿಗೆ ಕೋಶವೇ ಮಾಡಿಕೊಳ್ಳಬೇಕು. ಪಿ-53 ಇಲ್ಲದ ಇಲಿಗಳ ಕೆಲವು ಕೋಶಗಳು ಕಿರಣಗಳನ್ನು ಹಾಯಿಸಿದರೂ ಸಾಯದೆ ಉಳಿಯುವುವೆಂದು 1993ರಲ್ಲಿ ಗೊತ್ತಾಯಿತು. ಪಿ-53 ಕೆಟ್ಟಿರುವ ರೋಗಿಗಳಿಗೆ ಹಳೆಯ ಔಷಧಗಳು ಏಕೆ ಹಿಡಿಯುವುದಿಲ್ಲವೆಂಬುದು ಇದರಿಂದ ಅರ್ಥವಾಗುವುದು. ಪೆಟ್ಟು ಬಿದ್ದಿತು, ಸುದ್ದಿಯನ್ನು ಮುಟ್ಟಿಸುವವನೇ ಇಲ್ಲ. ಔಷಧದ ಪ್ರಮಾಣವನ್ನು ಹೆಚ್ಚಿಸಿದರೆ ನರಳುವುದು ರೋಗಿಯೇ ಹೊರತು ರೋಗವಲ್ಲ.

ಆದುದರಿಂದ ವಿಜ್ಞಾನಿಗಳು ಬೇರೆ ದಾರಿಯನ್ನು ಹುಡುಕಿದರು. ಸುದ್ದಿಗಾರನನ್ನು ಬಿಟ್ಟು ನೇರವಾಗಿ ಕಾವಲುಗಾರನ ಅಂಗೈಯನ್ನೇ ತುಂಬಿದರೆ ಹೇಗೆ? ದೂತನ ಆಕಾರವನ್ನು ಅನುಕರಿಸುವ ಒಂದು ಸಣ್ಣ ಅಣುವನ್ನು ಕಟ್ಟಬೇಕು. ಅದು ಆ ತಗ್ಗಿನಲ್ಲಿ ಸರಿಯಾಗಿ ಕೂಡಬೇಕು. ಹೇಳುವುದಕ್ಕೆ ಸುಲಭ. ಆ ತಗ್ಗು ಉದ್ದವಾಗಿಯೂ ಜಾರಿಕೆಯಾಗಿಯೂ ಇದ್ದುದರಿಂದ ಅದಕ್ಕೆ ಔಷಧವನ್ನು ಮಾಡುವುದು ಅಸಾಧ್ಯವೆಂದು ಅನೇಕರು ಕೈಬಿಟ್ಟಿದ್ದರು. ಷಿಕಾಗೊ ನಗರದ ಸಮೀಪದ ಆಬಟ್ ಕಂಪೆನಿಯಲ್ಲಿ ಸ್ಟೀಫನ್ ಫೆಸಿಕ್ ಎಂಬುವರ ತಂಡವು ಈ ಕುಟುಂಬದ ಮತ್ತೊಬ್ಬ ಕಾವಲುಗಾರನಾದ ಬಿ.ಸಿ.ಎಲ್.-ಎಕ್ಸ್.ಎಲ್. ಎಂಬುದರ ರೂಪವನ್ನು 1996ರಲ್ಲಿ ಬಿಡಿಸಿ ತೋರಿಸಿ, ತಗ್ಗಿನ ಒಂದೊಂದು ಮೂಲೆಗೂ ಹೊಂದುವ ಚೂರುಗಳನ್ನು ಆರಿಸಿ ಒಂದಕ್ಕೊಂದು ಜೋಡಿಸುತ್ತ ಹೋಯಿತು. 2005ರಲ್ಲಿ ಮೊದಲನೆಯ ಅಣುವು ಸಿದ್ಧವಾಯಿತು. ಅದರ ತಮ್ಮನಾಗಿ ಬಂದ ಮಾತ್ರೆಯು ಕ್ಯಾನ್ಸರಿನ ಕೋಶಗಳನ್ನು ಉದುರಿಸಿತು. ಆದರೆ ಅದರೊಡನೆ ರಕ್ತವನ್ನು ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ಟುಗಳೂ ಉದುರಿದುವು. ಏಕೆಂದರೆ ಪ್ಲೇಟ್‌ಲೆಟ್ಟುಗಳ ಎಂಟು ಹತ್ತು ದಿನಗಳ ಆಯುಸ್ಸು ನಿಂತಿರುವುದು ಬಿ.ಸಿ.ಎಲ್.-ಎಕ್ಸ್.ಎಲ್. ಮೇಲೆಯೇ, ಮಾತ್ರೆಯು ಇಬ್ಬರು ಕಾವಲುಗಾರರಲ್ಲಿ ಭೇದವನ್ನೆಣಿಸದೆ ಇಬ್ಬರ ಕೈಯನ್ನೂ ತುಂಬುತ್ತಿತ್ತು. ಮತ್ತೆ ಅಣುವನ್ನು ತಿದ್ದಿ, ಬಿ.ಸಿ.ಎಲ್.-2 ಒಂದನ್ನೇ ಹಿಡಿಯುವಂತೆ ಮಾಡಿದ ಔಷಧವು 2013ರಲ್ಲಿ ಪ್ರಕಟವಾಯಿತು. ಅದೇ ವೆನೆಟೊಕ್ಲಾಕ್ಸ್. 2016ರ ಏಪ್ರಿಲಿನಲ್ಲಿ ಅಮೆರಿಕದ ಸರ್ಕಾರವು ಅದಕ್ಕೆ ಒಪ್ಪಿಗೆಯನ್ನು ಕೊಟ್ಟಾಗ, ಮೊದಲು ಕೊಟ್ಟುದು ಪಿ-53 ಇರುವ ವರ್ಣತಂತುವಿನ ಭಾಗವನ್ನೇ ಕಳೆದುಕೊಂಡ ರೋಗಿಗಳಿಗೆ. ಹಳೆಯ ಔಷಧಗಳು ಕೈಚೆಲ್ಲಿದ್ದ ರೋಗಿಗಳು ಅವರೇ.

ಈ ಮಾತ್ರೆಯ ಮೊದಲಿನ ತೊಂದರೆಯು ವಿಚಿತ್ರವಾದುದು: ಅದು ಬಹಳ ಚೆನ್ನಾಗಿ ಕೆಲಸ ಮಾಡಿತು. ಉದುರಿದ ಕೋಶಗಳನ್ನು ನೆರೆಯವು ನುಂಗುವುವೆಂದು ಮೇಲೆ ಹೇಳಿದೆವಷ್ಟೆ. ಸೇರುಗಟ್ಟಲೆ ಕೋಶಗಳು ಒಂದೇ ದಿನದಲ್ಲಿ ಉದುರಿದರೆ ನುಂಗುವವರು ಯಾರು? ಅವುಗಳೊಳಗಿನ ಲವಣಗಳು ರಕ್ತಕ್ಕೆ ನುಗ್ಗಿ ಮೂತ್ರಪಿಂಡವನ್ನೂ ಹೃದಯವನ್ನೂ ಕೆಡಿಸುವುವು. ಆರಂಭದ ಪರೀಕ್ಷೆಗಳಲ್ಲಿ ಇದರಿಂದ ಮರಣವೂ ಸಂಭವಿಸಿತು. ಅಂದಿನಿಂದ ಈ ರೋಗದಲ್ಲಿ ಮೊದಲನೆಯ ವಾರ 20 ಮಿಲಿಗ್ರಾಮ್, ಎರಡನೆಯ ವಾರ 50, ಅನಂತರ 100, 200, ಐದನೆಯ ವಾರಕ್ಕೆ 400 ಹೀಗೆ ಮೆಟ್ಟಲು ಮೆಟ್ಟಲಾಗಿ ಏರಿಸುವ ಪದ್ಧತಿಯು ಬಂದಿತು. ಮೊದಮೊದಲು ನೀರನ್ನು ಧಾರಾಳವಾಗಿ ಕುಡಿಸಿ, ಪದೇ ಪದೇ ರಕ್ತವನ್ನು ಪರೀಕ್ಷಿಸುವುದು ಇದಕ್ಕಾಗಿಯೇ. ಅಷ್ಟು ಸಣ್ಣ ಮಾತ್ರೆಯಿಂದ ಏನಾದೀತೆಂದು ಮನೆಯವರು ತಾತ್ಸಾರ ಮಾಡಬಾರದು; ಬೇಗ ಗುಣವಾಗಲೆಂದು ಎರಡನ್ನು ಒಟ್ಟಿಗೆ ಕೊಡಲೂ ಬಾರದು. ಚಕ್ಕೋತದ ಸಂಬಂಧಿಯಾದ ಗ್ರೇಪ್‌ಫ್ರೂಟ್ ಹಣ್ಣೂ, ಐದು ಏಣುಗಳ ಕಮರಾಕ್ಷಿ ಹಣ್ಣೂ ಈ ಔಷಧವನ್ನು ರಕ್ತದಲ್ಲಿ ಮಿತಿಮೀರಿ ಏರಿಸುವುದರಿಂದ ಅವು ನಿಷಿದ್ಧ.

ಇನ್ನು ಗೃಹಸ್ಥರ ಮೊದಲನೆಯ ಪ್ರಶ್ನೆ. ಔಷಧವು ಒಗ್ಗಿಹೋಯಿತೇ?

ಅವರ ಹುಳುವಿನ ಉಪಮಾನವು ಅವರು ತಿಳಿದಿದ್ದುದಕ್ಕಿಂತಲೂ ಸರಿಯಾಗಿತ್ತು. ಔಷಧವನ್ನು ಸಿಂಪಡಿಸಿದಾಗ ಯಾವ ಹುಳುವೂ ಅದಕ್ಕೆ ಒಗ್ಗಿಕೊಳ್ಳುವುದಿಲ್ಲ. ಲಕ್ಷ ಹುಳುಗಳಲ್ಲಿ ಹತ್ತಕ್ಕೆ ಮೊದಲೇ ತಡೆಯುವ ಶಕ್ತಿಯು ಹೇಗೋ ಬಂದಿರುವುದು. ಉಳಿದುವು ಸತ್ತ ಮೇಲೆ ಹೊಲವೆಲ್ಲ ಆ ಹತ್ತರ ಸಂತತಿಗೆ ಬಿಡುವಾಗುವುದು. ಕ್ಯಾನ್ಸರಿನಲ್ಲಿಯೂ ಹೀಗೆಯೇ. ಆಸ್ಟ್ರೇಲಿಯದ ವೈದ್ಯರು 2019ರಲ್ಲಿ, ವೆನೆಟೊಕ್ಲಾಕ್ಸ್ ತೆಗೆದುಕೊಳ್ಳುತ್ತಿದ್ದು ರೋಗವು ಮರುಕಳಿಸಿದವರ ರಕ್ತವನ್ನು ಶೋಧಿಸಿದಾಗ, ಕೆಲವರ ಕೋಶಗಳಲ್ಲಿ ಬಿ.ಸಿ.ಎಲ್.-2 ಪ್ರೋಟೀನಿನ 101ನೆಯ ಮಣಿಯು ಬದಲಾಗಿರುವುದನ್ನು ಕಂಡರು. ಗ್ಲೈಸೀನ್ ಇರಬೇಕಾದಲ್ಲಿ ವ್ಯಾಲೀನ್ ಕುಳಿತಿತ್ತು. ಇಷ್ಟರಿಂದಲೇ ಅಂಗೈಯ ತಗ್ಗಿನ ಆಕಾರವು ಸ್ವಲ್ಪ ಮಾರ್ಪಟ್ಟು, ಔಷಧದ ಹಿಡಿತವು ಸುಮಾರು 180 ಪಾಲು ಕುಗ್ಗಿತ್ತು. ಚಿಕಿತ್ಸೆಯು ಪ್ರಾರಂಭವಾಗಿ 19ರಿಂದ 42 ತಿಂಗಳಾದ ಮೇಲೆಯೇ ಈ ಬದಲಾವಣೆಯು ಕಾಣಿಸಿಕೊಂಡಿತು. ಅದೂ ಒಬ್ಬನೇ ರೋಗಿಯ ಎಲ್ಲ ಕೋಶಗಳಲ್ಲಿ ಅಲ್ಲ. ಉಳಿದ ಕೋಶಗಳು ಬೇರೆ ಉಪಾಯವನ್ನು ಹೂಡಿದ್ದುವು. ಎಂ.ಸಿ.ಎಲ್.-1 ಎಂಬ ಮತ್ತೊಬ್ಬ ಕಾವಲುಗಾರನನ್ನು ಹೆಚ್ಚಾಗಿ ನೇಮಿಸಿಕೊಳ್ಳುವುದು ಅಂತಹ ಉಪಾಯಗಳಲ್ಲಿ ಒಂದು. ಒಬ್ಬನ ಕೈಯನ್ನು ನಾವು ತುಂಬಿದರೆ, ಆಳುಗಳನ್ನು ಹಿಡಿಯುವುದಕ್ಕೆ ಇನ್ನೊಬ್ಬನು ಸಿದ್ಧನಾಗಿರುವನು.

ಹಾಗಾದರೆ ಆ ಇನ್ನೊಬ್ಬನಿಗೂ ಔಷಧವನ್ನು ಮಾಡಬಾರದೇಕೆ? ಮಾಡಿದರು. ಆದರೆ ಹೃದಯದ ಸ್ನಾಯುಗಳೂ ಎಂ.ಸಿ.ಎಲ್.-1ನ್ನು ನಂಬಿಕೊಂಡಿರುವುವು. ಪರೀಕ್ಷೆಯಲ್ಲಿ ಹೃದಯಕ್ಕೆ ಪೆಟ್ಟಾಗುವ ಲಕ್ಷಣಗಳು ತೋರಿದುದರಿಂದ ಕೆಲವು ಪ್ರಯತ್ನಗಳನ್ನು ನಿಲ್ಲಿಸಬೇಕಾಯಿತು. ನಿಯತಮರಣದ ಬಾಗಿಲನ್ನು ತೆರೆಯುವುದು ಕಷ್ಟವಲ್ಲ. ರೋಗದ ಕೋಶಕ್ಕೆ ಮಾತ್ರ ತೆರೆದು, ಪಕ್ಕದ ಮನೆಯ ಬಾಗಿಲನ್ನು ಮುಚ್ಚಿಯೇ ಇಡುವುದರಲ್ಲಿ ಕಷ್ಟವಿರುವುದು.

ಸದ್ಯಕ್ಕೆ ಫಲ ಕೊಟ್ಟಿರುವ ಉಪಾಯವು ರೈತರು ಬಲ್ಲ ಉಪಾಯವೇ. ಒಂದೇ ಔಷಧವನ್ನು ವರ್ಷಾನುವರ್ಷ ಹೊಡೆಯದೆ, ಬೇರೆ ಬಗೆಯದನ್ನು ಕೂಡಿಸಿ, ಕೆಲವು ಕಾಲ ಗಟ್ಟಿಯಾಗಿ ಹೊಡೆದು, ಅನಂತರ ನಿಲ್ಲಿಸಿಬಿಡುವುದು. ವೆನೆಟೊಕ್ಲಾಕ್ಸಿಗೆ ರಿಟುಕ್ಸಿಮ್ಯಾಬ್ ಎಂಬ ಚುಚ್ಚುಮದ್ದನ್ನು ಕೂಡಿಸಿ ಎರಡು ವರ್ಷ, ಒಬಿನುಟುಜುಮ್ಯಾಬನ್ನು ಕೂಡಿಸಿ ಒಂದೇ ವರ್ಷ ಕೊಟ್ಟು ನಿಲ್ಲಿಸುವ ಪದ್ಧತಿಗಳು 2018 ಮತ್ತು 2019ರ ಪರೀಕ್ಷೆಗಳಿಂದ ಬಳಕೆಗೆ ಬಂದುವು. ಹೀಗೆ ನಿಲ್ಲಿಸಿದವರಿಗೆ ಮುಂದೆ ರೋಗವು ಮರುಕಳಿಸಿದರೂ, ಅದೇ ಔಷಧವು ಅನೇಕರಲ್ಲಿ ಪುನಃ ಕೆಲಸ ಮಾಡುವುದು. ನಿಲ್ಲಿಸುವುದೆಂದರೆ ವೈದ್ಯರು ನಿಲ್ಲಿಸುವುದೆಂದು ಅರ್ಥ. ಗುಣವಾಯಿತೆಂದು ಮನೆಯಲ್ಲಿಯೇ ಮಾತ್ರೆಯನ್ನು ಬಿಡುವುದಲ್ಲ. ಇದಲ್ಲದೆ, ಬಿ.ಟಿ.ಕೆ. ಎಂಬ ಮತ್ತೊಂದು ಪ್ರೋಟೀನನ್ನು ತಡೆದು, ಕೋಶಕ್ಕೆ ಬದುಕಿರೆಂದು ಬರುವ ಅಪ್ಪಣೆಯನ್ನೇ ಕತ್ತರಿಸುವ ಮಾತ್ರೆಗಳೂ ಉಂಟು. ಅವು ಹೋಗುವ ದಾರಿಯು ಬೇರೆಯಾದುದರಿಂದ ಒಂದು ಸೋತಲ್ಲಿ ಇನ್ನೊಂದು ಗೆಲ್ಲುವ ಸಂಭವವಿರುವುದು.

ಈ ಹುಡುಕಾಟದಲ್ಲಿ ಬೆಂಗಳೂರಿನ ಪಾಲೂ ಇರುವುದೆಂದು ನಾವು ಹೇಳಿದಾಗ ಗೃಹಸ್ಥರಿಗೆ ಆಶ್ಚರ್ಯವಾಯಿತು. 1909ರಲ್ಲಿ ಸ್ಥಾಪಿತವಾದ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಜೀವರಸಾಯನ ವಿಭಾಗದ ಸತೀಶ್ ರಾಘವನ್ ಅವರ ತಂಡವು ಬಿ.ಸಿ.ಎಲ್.-2ರ ಮೇಲೆಯೇ ಕೆಲಸ ಮಾಡುವ ಹೊಸ ಅಣುವೊಂದನ್ನು ಗುರುತಿಸಿ, 2016ರಲ್ಲಿ ಪ್ರಕಟಿಸಿತು. ಅದರ ಹೆಸರು ಡಿಸಾರಿಬ್. ಬೆಂಗಳೂರಿನ ಕೆ.ಎಲ್.ಇ. ಔಷಧವಿಜ್ಞಾನ ಕಾಲೇಜಿನ ಸುಭಾಸ್ ಕರ್ಕಿಯವರೂ, ವಿಜ್ಞಾನ ಸಂಸ್ಥೆಯ ಅವಧೇಶ ಸುರೋಲಿಯಾ ಅವರೂ ಈ ಕಾರ್ಯದಲ್ಲಿ ಪಾಲುಗೊಂಡವರು. ನಮ್ಮ ಪ್ರಸ್ತಾಪಕ್ಕೆ ಸಂಬಂಧಪಟ್ಟ ವಿಶೇಷವೇನೆಂದರೆ, ವೆನೆಟೊಕ್ಲಾಕ್ಸ್ ಅನುಕರಿಸುವುದು ಬಿ.ಎಚ್.-3 ಎಂಬ ದೂತನ ಭಾಗವನ್ನು. ಡಿಸಾರಿಬ್ ಮುಖ್ಯವಾಗಿ ಅಂಟಿಕೊಳ್ಳುವುದು ಕಾವಲುಗಾರನ ಮೈಯಲ್ಲಿರುವ ಬಿ.ಎಚ್.-1 ಎಂಬ ಬೇರೊಂದು ಭಾಗಕ್ಕೆ. ಬಿ.ಸಿ.ಎಲ್.-2 ಹೇರಳವಾಗಿರುವ ಕ್ಯಾನ್ಸರ್ ಕೋಶಗಳನ್ನು ಅದು ಉದುರಿಸಿತು. ಕಡಮೆಯಿದ್ದ ಕೋಶಗಳನ್ನು ಬಹುಮಟ್ಟಿಗೆ ಬಿಟ್ಟಿತು. ಇಲಿಗಳಲ್ಲಿ ಗಡ್ಡೆಗಳು ಕುಗ್ಗಿದುವು. ಕಾವಲುಗಾರನ ಹಿಡಿತದಿಂದ ಬ್ಯಾಕ್ ಎಂಬ ಆಳನ್ನು ಅದು ಬಿಡಿಸುವ ಬಗೆಯನ್ನು 2017ರಲ್ಲಿ ವಿವರಿಸಿದರು.

ಇಲಿಯಿಂದ ಮನುಷ್ಯನವರೆಗಿನ ದಾರಿಯು ಎಷ್ಟು ಉದ್ದವೆಂಬುದನ್ನು ಮರೆಯಬಾರದು. ಬಿ.ಸಿ.ಎಲ್.-2ರ ಗುರುತು ಸಿಕ್ಕಿದ್ದು 1985ರ ಹೊತ್ತಿಗೆ, ಮಾತ್ರೆಯು ಬಂದುದು 2016ರಲ್ಲಿ. ಹಾಗೆಂದು ಇಂತಹ ಕೆಲಸವನ್ನು ಅಲ್ಪವೆಂದೂ ಎಣಿಸಬಾರದು. ಬೀಗದ ಆಕಾರವು ಬದಲಾದಾಗ ಬೇರೊಂದು ಕಡೆಯಿಂದ ತೆರೆಯುವ ಕೀಲಿಯನ್ನು ಕಂಡಿಟ್ಟುಕೊಂಡಿರುವುದು ವಿವೇಕವಷ್ಟೆ.

ಅರಿಸಿನದಿಂದಲೂ ಅಮೃತಬಳ್ಳಿಯಿಂದಲೂ ಕ್ಯಾನ್ಸರ್ ಕೋಶಗಳು ಸಾಯುವುವೆಂಬ ಮಾತನ್ನು ಗೃಹಸ್ಥರು ಮಧ್ಯದಲ್ಲಿ ಎತ್ತಿದರು. ಯಾರೋ ಒಬ್ಬರು ಅಣ್ಣನವರಿಗೆ ಪುಡಿಯೊಂದನ್ನು ಮಾರಲು ಬಂದಿದ್ದರಂತೆ. ಅರಿಸಿನದ ಸಾರವನ್ನು ಗಾಜಿನ ತಟ್ಟೆಯಲ್ಲಿರುವ ಕೋಶಗಳ ಮೇಲೆ ಹಾಕಿದರೆ ಅವು ನಿಯತಮರಣಕ್ಕೆ ತುತ್ತಾಗುವುದು ನಿಜ. ಆದರೆ ತಿಂದ ಅರಿಸಿನದ ಆ ಸಾರವು ಕರುಳಿನಿಂದ ರಕ್ತಕ್ಕೆ ಸೇರುವುದು ಅತ್ಯಲ್ಪ. ಸಾರಿನಲ್ಲಿ ಅರಿಸಿನವು ಇರಲಿ. ಪುಡಿಯನ್ನು ನಂಬಿ ಮಾತ್ರೆಯನ್ನು ಬಿಟ್ಟವರನ್ನು ನಾವು ಕಂಡಿರುವೆವು, ಆ ಕಥೆಯನ್ನು ಇಲ್ಲಿ ಬರೆಯುವುದಕ್ಕೆ ಮನಸ್ಸಿಲ್ಲ.

ಎರಡನೆಯ ಪ್ರಶ್ನೆಗೆ ಉತ್ತರವನ್ನು ನಾವು ಕಡೆಗೆ ಉಳಿಸಿಕೊಂಡಿದ್ದೆವು. ನಾವೇ ತಪ್ಪಿದೆವೇ ಎಂದು ಕೇಳಿದ್ದರಷ್ಟೆ. ಅಣ್ಣನವರು ಮಾತ್ರೆಯನ್ನು ಒಂದು ದಿನವೂ ತಪ್ಪಿಸಿರಲಿಲ್ಲ. ಅತ್ತಿಗೆಯವರು ಗೋಡೆಯ ಕ್ಯಾಲೆಂಡರಿನಲ್ಲಿ ದಿನಕ್ಕೊಂದರಂತೆ ಗೀಟು ಹಾಕಿದ್ದರು. 101ನೆಯ ಮಣಿಯನ್ನು ಬದಲಾಯಿಸುವ ಶಕ್ತಿಯು ಯಾವ ಊಟಕ್ಕೂ ಇಲ್ಲ, ಯಾವ ತಡವಾದ ಬಸ್ಸಿಗೂ ಇಲ್ಲ. ಕೋಟ್ಯಂತರ ಕೋಶಗಳಲ್ಲಿ ಎಲ್ಲೋ ಒಂದು, ಯಾರ ತಪ್ಪೂ ಇಲ್ಲದೆ, ಮಾರ್ಪಟ್ಟು ಉಳಿದುಕೊಂಡಿರುವುದು. ಈ ಮಾತನ್ನು ಕೇಳಿ ಅವರು ಬಹಳ ಹೊತ್ತು ಏನನ್ನೂ ಹೇಳಲಿಲ್ಲ. ಅತ್ತಿಗೆಯವರು ತಿಂಗಳಿಂದ ಸರಿಯಾಗಿ ಊಟ ಮಾಡುತ್ತಿಲ್ಲವೆಂದೂ, ಯುಗಾದಿಯ ದಿನ ಮಾತ್ರೆಯನ್ನು ಊಟವಾಗಿ ಬಹಳ ಹೊತ್ತಿನ ಮೇಲೆ ಕೊಟ್ಟುದರಿಂದಲೇ ಹೀಗಾಯಿತೆಂದು ತಮ್ಮನ್ನು ತಾವೇ ಹಳಿದುಕೊಳ್ಳುತ್ತಿರುವರೆಂದೂ ಆಮೇಲೆ ತಿಳಿಸಿದರು.

ಇನ್ನು ಮುಂದೆ ವೈದ್ಯರನ್ನು ಏನೇನು ಕೇಳಬೇಕೆಂಬುದನ್ನು ಅವರು ಬರೆದುಕೊಳ್ಳಬೇಕೆಂದರು. ಅವರ ಬಳಿ ಇದ್ದುದು ಬಿತ್ತನೆ ಬೀಜದ ಅಂಗಡಿಯ ಒಂದು ರಸೀದಿ. ಅದರ ಹಿಂಭಾಗದಲ್ಲಿ ನಾವು ಮೂರು ಸಾಲುಗಳನ್ನು ಬರೆದುಕೊಟ್ಟೆವು: ಬಿ.ಸಿ.ಎಲ್.-2ರಲ್ಲಿಯೂ ಪಿ-53ರಲ್ಲಿಯೂ ಬದಲಾವಣೆಯಾಗಿದೆಯೇ ಎಂದು ಪರೀಕ್ಷಿಸಬಹುದೇ. ಬೇರೆ ದಾರಿಯಲ್ಲಿ ಹೋಗುವ ಮಾತ್ರೆಯು ಅಣ್ಣನವರಿಗೆ ಹೊಂದುವುದೇ, ಅದರ ವೆಚ್ಚಕ್ಕೆ ಸಹಾಯವು ದೊರೆಯುವುದೇ. ಈಗಿನ ಮಾತ್ರೆಯನ್ನು ಅದುವರೆಗೆ ಮುಂದುವರಿಸಬೇಕೇ, ಬೇಡವೇ. ಅವರು ಅದನ್ನು ಎರಡು ಸಲ ಓದಿ, ಮಡಿಸಿ, ಅಂಗಿಯ ಜೇಬಿನಲ್ಲಿಟ್ಟುಕೊಂಡು ಎದ್ದರು.

"ಮಂಗಳವಾರ ಮೊದಲನೇ ಬಸ್ಸಿಗೇ ಅಣ್ಣನ್ನ ಕರಕೊಂಡು ಹೊರಡ್ತೀನಿ. ಅದಕ್ಕೆ ಮುಂಚೆ ಅತ್ತಿಗೆಗೆ ಆ ಕೊನೇ ಮಾತು ಹೇಳಬೇಕು ಸ್ವಾಮಿ, ನೀವೇ ಬಂದು ಹೇಳಿದರೆ ಇನ್ನೂ ಒಳ್ಳೇದು" ಎಂದರು. ಅವರ ಮನೆಯು ಹೊಳೆಯ ಕಡೆಯ ಬೀದಿಯಲ್ಲಿತ್ತು. ನಾವು ಅವರೊಡನೆ ಹೊರಟೆವು.